ಕೆಳಗಿನ ದಿಕ್ಕು

ನಾನು ಕೆಲಸ ಮಾಡುವ ಕಡೆ ಈಚೆಗೆ ಶುಕ್ರವಾರ ಸಂಜೆ ಮೈಂಡ್‌ಫುಲ್‌ನೆಸ್ ತರಗತಿ ನಡೆಯುತ್ತದೆ. ಕಲಿಸುವವರು ಒಳ್ಳೆಯವರು, ಮೆತ್ತಗಿನ ಮಾತು. ಕಣ್ಣು ಮುಚ್ಚಿ, ಮೂಗಿನ ತುದಿಗೆ ಗಾಳಿ ತಾಗೋದನ್ನು ಗಮನಿಸಿ, ಮನಸ್ಸು ಎಲ್ಲಾದರೂ ಹೋದರೆ ಬೈಯಬೇಡಿ, ಸುಮ್ನೆ ವಾಪಸ್ ಕರೆದುಕೊಂಡು ಬನ್ನಿ ಅನ್ನುತ್ತಾರೆ. ಪಾಠ ಸರಿಯಾಗಿಯೇ ಇದೆ. ನನಗೆ ಅದರಿಂದ ನಿಜಕ್ಕೂ ಉಪಯೋಗ ಆಗಿದೆ. ಆದರೆ ತರಗತಿ ಮುಗಿಸಿ ಸೀಟಿಗೆ ಬಂದು ಕೂತರೆ, ಸೋಮವಾರ ಬೆಳಿಗ್ಗೆಯೊಳಗೆ ಬೇಕು ಅಂತ ಒಂದು ಮೇಲ್ ಬಂದು ಬಿದ್ದಿರುತ್ತದೆ. ಅಂದರೆ ಶನಿವಾರ, ಭಾನುವಾರ ಎರಡೂ ಹೋಯಿತು. ಪಕ್ಕದ ಸೀಟಿನ ಹುಡುಗಿಗೆ ಮನೆಯಲ್ಲಿ ಎಳೆಯ ಮಗು ಇದೆ. ಒಂದು ಸಂಜೆ ತರಗತಿಯಿಂದ ಎದ್ದು ಬರುತ್ತಾ ಅವಳು ಕೇಳಿದಳು: "ಅಕ್ಕಾ, ಉಸಿರು ನೋಡೋದು ಕಲಿತುಬಿಟ್ರೆ ಎಷ್ಟು ಕೆಲಸ ಕೊಟ್ರೂ ತಡ್ಕೋತೀವಿ ಅಂತ ಇದನ್ನ ಕಲಿಸ್ತಿದಾರಾ?"

ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಬುದ್ಧನನ್ನು ನಾನು ತುಂಬಾ ಹಚ್ಚಿಕೊಂಡವಳು. ಅವನಿಂದ ಬಂದ ಅಭ್ಯಾಸವನ್ನು ದಣಿದವರನ್ನು ಇನ್ನಷ್ಟು ದುಡಿಸೋಕೆ ಬಳಸುತ್ತಾರೆ ಅಂದರೆ ಸಂಕಟ ಆಗುತ್ತದೆ. ಹಾಗಾಗಿ ಸುತ್ತಗಳನ್ನು, ಅಂದರೆ ಬುದ್ಧನ ಉಪದೇಶಗಳನ್ನು, ಮತ್ತೆ ಓದೋಕೆ ಕೂತೆ. ತಲೆಯಲ್ಲಿ ಒಂದೇ ಪ್ರಶ್ನೆ. ಕೆಲಸ ಮಾಡುವವರ ಮನಸ್ಸಿನ ಬಗ್ಗೆ ಬುದ್ಧ ಬೇಕಾದಷ್ಟು ಹೇಳಿದ್ದಾನೆ. ಕೆಲಸ ಮಾಡಿಸುವವರಿಗೆ ಏನು ಹೇಳಿದ್ದಾನೆ?

ಎರಡು ಬಾಣ

ಸಲ್ಲ ಸುತ್ತದಲ್ಲಿ ಬುದ್ಧ ಎರಡು ಬಾಣದ ಮಾತು ಹೇಳುತ್ತಾನೆ. ಒಬ್ಬನಿಗೆ ಬಾಣ ಚುಚ್ಚಿದೆ, ಮೈ ನೋಯುತ್ತಿದೆ. ಅವನು ಅಳುತ್ತಾನೆ, ಎದೆ ಬಡಿದುಕೊಳ್ಳುತ್ತಾನೆ, ಕಂಗಾಲಾಗುತ್ತಾನೆ. ಅದು ಎರಡನೇ ಬಾಣ ಚುಚ್ಚಿಸಿಕೊಂಡ ಹಾಗೆ. ತಿಳಿದವನಿಗೂ ಮೊದಲನೇ ಬಾಣದ ನೋವು ತಪ್ಪಲ್ಲ, ಆದರೆ ಅವನು ಎರಡನೆಯದನ್ನು ಚುಚ್ಚಿಸಿಕೊಳ್ಳಲ್ಲ. ಇದನ್ನು ನಾನು ದಿನಾ ಪರೀಕ್ಷೆ ಮಾಡಿ ನೋಡಬಲ್ಲೆ. ರಾತ್ರಿ ಊಟಕ್ಕೆ ಕೂತಾಗ ಆಫೀಸಿನ ವಾಟ್ಸ್ಯಾಪ್ ಗುಂಪು ಟಿಂಗ್ ಅನ್ನುತ್ತದೆ. ಮೆಸೇಜ್ ಓದುವ ಮೊದಲೇ ಕಿವಿ ಬಿಸಿಯಾಗುತ್ತದೆ, ಭುಜ ಮೇಲಕ್ಕೆ ಸೇದಿಕೊಳ್ಳುತ್ತದೆ. ಅಭ್ಯಾಸ ಇರೋದರಿಂದ ಅದು ಗೊತ್ತಾಗುತ್ತದೆ. ಗೊತ್ತಾದ ತಕ್ಷಣ ಭುಜ ತಾನಾಗಿ ಇಳಿಯುತ್ತದೆ, ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗುತ್ತದೆ. ಮೊದಲಾದರೆ ಆ ಸಿಟ್ಟು ತಟ್ಟೆ ತೊಳೆಯುವಾಗ, ಮಗನ ಹೋಂವರ್ಕ್ ನೋಡುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಜೊತೆಗೇ ಇರುತ್ತಿತ್ತು. ಈಗ ಅಷ್ಟು ಹೊತ್ತು ಇರಲ್ಲ. ಇದು ಸಣ್ಣ ಲಾಭ ಅಲ್ಲ.

ಆದರೆ ಮೊದಲನೇ ಬಾಣ ಬಿಟ್ಟವರು ಯಾರು? ರಾತ್ರಿ ಹೊತ್ತು ಮೆಸೇಜ್ ಹಾಕೋದು ಕಾಯಿಲೆಯ ಹಾಗೆ, ಮುಪ್ಪಿನ ಹಾಗೆ ತಪ್ಪಿಸೋಕಾಗದ ದುಃಖ ಏನಲ್ಲ. ಒಬ್ಬ ಮನುಷ್ಯ ಕೂತು ಟೈಪ್ ಮಾಡಿ ಕಳಿಸಿದ್ದು. ಬೆಳಿಗ್ಗೆ ಕಳಿಸಿದ್ದರೂ ನಡೆಯುತ್ತಿತ್ತು. ಇವತ್ತು ಲೋಕದ ತುಂಬಾ ಹರಡಿರುವ ಈ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮಗಳಿಗೆ ದೊಡ್ಡ ಮೂಲ, 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್ ಝಿನ್ ಶುರು ಮಾಡಿದ ತರಬೇತಿ. ಬೌದ್ಧ ಧ್ಯಾನದಿಂದ ಕಲಿತದ್ದನ್ನು ಅವರು ಆಸ್ಪತ್ರೆಗೆ ತಂದರು. ಅಲ್ಲಿಗೆ ಬರುತ್ತಿದ್ದವರಲ್ಲಿ ವರ್ಷಗಟ್ಟಲೆ ನೋವು ತಿಂದವರು ಇದ್ದರು, ಔಷಧಿಯಿಂದ ಪೂರ್ತಿ ವಾಸಿಯಾಗದವರು. ಅವರ ಮೊದಲನೇ ಬಾಣವನ್ನು ಕೀಳೋಕೆ ಆಗುತ್ತಿರಲಿಲ್ಲ, ಅದಕ್ಕೇ ಎರಡನೆಯದನ್ನು ತಡೆಯೋದನ್ನು ಕಲಿಸಿದರು. ಅಲ್ಲಿ ಅದು ದೊಡ್ಡ ಉಪಕಾರ. ಅದೇ ಪಾಠವನ್ನು ಎತ್ತಿಕೊಂಡು ಬಂದು, ಬಾಣ ಬಿಡೋದನ್ನು ನಿಲ್ಲಿಸಬಹುದಾದ ಜಾಗದಲ್ಲಿ ಇಟ್ಟರೆ ಅರ್ಥವೇ ಬೇರೆ ಆಗುತ್ತದೆ.

ಒದ್ದೆ ಬಟ್ಟೆಯ ಹುಡುಗ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೀಘನಿಕಾಯ ಅನ್ನುವ ಸುತ್ತಗಳ ಸಂಗ್ರಹದ ಸಿಗಾಲೋವಾದ ಸುತ್ತದಲ್ಲಿ. ಇದನ್ನು ಮೊದಲೂ ಓದಿದ್ದೆ. ಆಗ ಗಮನ ಗಂಡ ಹೆಂಡತಿ, ಗೆಳೆಯರ ಭಾಗದ ಮೇಲಿತ್ತು. ಕತೆ ಚಿಕ್ಕದು. ರಾಜಗೃಹದ ಹತ್ತಿರ ಬುದ್ಧ ವೇಳುವನದಲ್ಲಿ ಉಳಿದಿದ್ದ ಕಾಲ. ಬೆಳಿಗ್ಗೆ ಭಿಕ್ಷೆಗೆ ಹೊರಟಾಗ ಸಿಗಾಲ ಅನ್ನುವ ಗೃಹಸ್ಥನ ಮಗ ಕಾಣುತ್ತಾನೆ. ಬಟ್ಟೆ ಒದ್ದೆ, ಕೂದಲು ಒದ್ದೆ. ಕೈ ಮುಗಿದುಕೊಂಡು ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಕೆಳಗೆ, ಮೇಲೆ ಅಂತ ಆರು ದಿಕ್ಕಿಗೂ ನಮಸ್ಕಾರ ಮಾಡುತ್ತಿದ್ದಾನೆ. ಯಾಕಪ್ಪಾ ಅಂದರೆ, ತಂದೆ ಸಾಯುವಾಗ ಹೇಳಿದ್ದರು, ಅವರ ಮಾತು ನಡೆಸುತ್ತಿದ್ದೇನೆ ಅನ್ನುತ್ತಾನೆ. ಅದು ಅವನಿಗೆ ತಂದೆಯ ಕೊನೆಯ ಮಾತು. ಬುದ್ಧ ಅದನ್ನು ಬಿಡು ಅನ್ನಲಿಲ್ಲ. ಆರ್ಯರ, ಅಂದರೆ ಸಜ್ಜನರ, ಪದ್ಧತಿಯಲ್ಲಿ ಆರು ದಿಕ್ಕಿಗೆ ನಮಸ್ಕಾರ ಮಾಡೋದು ಹೀಗಲ್ಲ ಅಂತ ಹೇಳಿ, ದಿಕ್ಕುಗಳ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸಿದ. ಪೂರ್ವ ಅಂದರೆ ತಂದೆ ತಾಯಿ. ದಕ್ಷಿಣ ಗುರುಗಳು. ಪಶ್ಚಿಮ ಹೆಂಡತಿ ಮಕ್ಕಳು. ಉತ್ತರ ಗೆಳೆಯರು. ಮೇಲಿನ ದಿಕ್ಕು ಶ್ರಮಣರು, ಬ್ರಾಹ್ಮಣರು. ಕೆಳಗಿನ ದಿಕ್ಕು ಆಳುಗಳು, ಕೆಲಸದವರು.

ಕೆಳಗಿನ ದಿಕ್ಕನ್ನು ಯಜಮಾನ ಐದು ರೀತಿಯಲ್ಲಿ ನೋಡಿಕೊಳ್ಳಬೇಕು. ಅವರ ಶಕ್ತಿ ನೋಡಿ ಕೆಲಸ ಹಂಚಬೇಕು. ಊಟ, ಸಂಬಳ ಕೊಡಬೇಕು. ಕಾಯಿಲೆ ಬಿದ್ದಾಗ ಆರೈಕೆ ಮಾಡಬೇಕು. ಅಪರೂಪದ ತಿಂಡಿ ತಿನಿಸು ಮಾಡಿದರೆ ಅವರಿಗೂ ಪಾಲು ಕೊಡಬೇಕು. ಹೊತ್ತು ಹೊತ್ತಿಗೆ ಬಿಡುವು ಕೊಡಬೇಕು. ಇಷ್ಟೇ. ಇದರಲ್ಲಿ ನಿರ್ವಾಣದ ಮಾತಿಲ್ಲ, ಧ್ಯಾನದ ಮಾತಿಲ್ಲ. ಕೊನೆಯದಕ್ಕೆ ಅಟ್ಟಕಥೆ, ಅಂದರೆ ಸುತ್ತಗಳ ಹಳೆಯ ವ್ಯಾಖ್ಯಾನ, ಕೊಡುವ ವಿವರ ನನಗೆ ತುಂಬಾ ಹಿಡಿಸಿತು. ಬಿಡುವು ಅಂದರೆ ದಿನದ ಬಿಡುವೂ ಹೌದು, ಹಬ್ಬದ ಬಿಡುವೂ ಹೌದು. ದಿನವಿಡೀ ದುಡಿದರೆ ಮನುಷ್ಯ ಬಳಲುತ್ತಾನೆ, ಅವನು ಬಳಲದ ಹಾಗೆ ಹೊತ್ತು ತಿಳಿದು ಬಿಡಬೇಕು. ಕೆಲಸದವರಿಗೂ ಬುದ್ಧ ಐದು ಮಾತು ಹೇಳಿದ್ದಾನೆ: ಯಜಮಾನನಿಗಿಂತ ಮೊದಲು ಏಳಬೇಕು, ಅವನಾದ ಮೇಲೆ ಮಲಗಬೇಕು, ಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳಬೇಕು, ಕೆಲಸ ಅಚ್ಚುಕಟ್ಟಾಗಿ ಮಾಡಬೇಕು, ಯಜಮಾನನ ಒಳ್ಳೆಯ ಹೆಸರು ಉಳಿಸಬೇಕು. ಅದರಲ್ಲಿ ಮೊದಲೆರಡು ಇವತ್ತಿನ ಕಿವಿಗೆ ಕಷ್ಟ. ಆ ಕಾಲದ ಮನೆ, ಆ ಕಾಲದ ಆಳು. ಆದರೆ ಕ್ರಮ ನೋಡಿ. ಬುದ್ಧ ಯಜಮಾನನ ಕರ್ತವ್ಯ ಮೊದಲು ಹೇಳಿದ. ಇಷ್ಟು ನೀನು ಮಾಡಿದರೆ ಅವರು ಇಷ್ಟು ಮಾಡುತ್ತಾರೆ ಅಂದ. ನಮ್ಮ ತರಗತಿಗಳು ಎರಡನೇ ಭಾಗದಿಂದ ಶುರುವಾಗಿ ಅಲ್ಲೇ ಮುಗಿಯುತ್ತವೆ.

ಇದರ ಜೊತೆಗೆ ಇನ್ನೊಂದು ವಿಷಯ ನೆನಪಾಗುತ್ತದೆ. ಬುದ್ಧನಿಗೆ ಬೆನ್ನು ನೋವಿತ್ತು. ಕಪಿಲವಸ್ತುವಿನಲ್ಲಿ ಶಾಕ್ಯರು ಹೊಸ ಸಭಾಮಂದಿರ ಕಟ್ಟಿಸಿ, ಮೊದಲು ನೀವೇ ಬಳಸಬೇಕು ಅಂತ ಕರೆದಿದ್ದರು. ರಾತ್ರಿ ತುಂಬಾ ಹೊತ್ತು ಮಾತಾಡಿದ ಮೇಲೆ ಬುದ್ಧ ತನ್ನ ಶಿಷ್ಯ ಆನಂದನ ಕಡೆ ತಿರುಗಿ, ನನ್ನ ಬೆನ್ನು ನೋಯುತ್ತಿದೆ, ಚಾಚಿಕೊಳ್ಳುತ್ತೇನೆ, ಮುಂದಿನದನ್ನು ನೀನು ಹೇಳು ಅಂದ. ಮೇಲೆ ಹೊದೆಯುವ ಸಂಘಾಟಿಯನ್ನು ನಾಲ್ಕು ಮಡಿಕೆ ಮಡಚಿ ಹಾಸಿ ಬಲಮಗ್ಗುಲಿಗೆ ಮಲಗಿದ. ಪಾವಾದಲ್ಲಿ ಮಲ್ಲರ ಮುಂದೆಯೂ ಹೀಗೇ ಆಗಿದೆ, ಅಲ್ಲಿ ಇನ್ನೊಬ್ಬ ಶಿಷ್ಯ ಸಾರಿಪುತ್ತನಿಗೆ ವಹಿಸಿದ. ಎಲ್ಲರ ಮುಂದೆ, ನನಗೆ ನೋಯುತ್ತಿದೆ, ನೀನು ಮಾಡು ಅಂತ ಹೇಳುವ ಮೇಲಧಿಕಾರಿ ಎಷ್ಟು ಜನ ಸಿಗುತ್ತಾರೆ? ಮೇಲಿನವರು ಹಾಗೆ ಹೇಳಿದರೆ ಕೆಳಗಿನವರಿಗೂ ಹೇಳೋಕೆ ಬಾಯಿ ಬರುತ್ತದೆ.

ಮಾರ್ಚ್ ಎಂಡಿಂಗ್

ನನ್ನ ಮೊದಲ ಕೆಲಸ ಊರ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ. ಮ್ಯಾನೇಜರ್ ಮೇಡಂ ನಿವೃತ್ತಿಗೆ ಹತ್ತಿರ ಬಂದವರು. ಧ್ಯಾನ ಅಂತ ಅವರು ಎಂದೂ ಕೂತದ್ದನ್ನು ನಾನು ಕಾಣೆ. ಬೆಳಿಗ್ಗೆ ಬಂದವರು ತಮ್ಮ ರೂಮಿಗೆ ನೇರ ಹೋಗುತ್ತಿರಲಿಲ್ಲ. ಒಂದೊಂದು ಟೇಬಲ್ ಹತ್ತಿರ ಒಂದು ನಿಮಿಷ ನಿಲ್ಲುತ್ತಿದ್ದರು. "ಏನ್ರೀ, ಮಗೂಗೆ ಜ್ವರ ಬಿಡ್ತಾ?" ಅಂತ ಕೇಳೋದು, ಉತ್ತರ ಪೂರ್ತಿ ಕೇಳಿಸಿಕೊಳ್ಳೋದು. ಬಿಟ್ಟಿಲ್ಲ ಅಂದರೆ ಆ ಟೇಬಲ್ ಮೇಲಿನ ಸಾಲದ ಫೈಲುಗಳಲ್ಲಿ ಅರ್ಧ ಎತ್ತಿ ಇನ್ನೊಬ್ಬರ ಟೇಬಲ್ ಮೇಲೆ ಇಟ್ಟು, "ಇವತ್ತೊಂದಿನ ನೀವು ನೋಡ್ಕೊಳಿ" ಅಂತ ಹೇಳಿ ಹೋಗುತ್ತಿದ್ದರು. ಯಾರೂ ಗೊಣಗುತ್ತಿರಲಿಲ್ಲ. ನಾಳೆ ನಮ್ಮ ಸರದಿ ಬಂದಾಗ ನಮ್ಮ ಫೈಲೂ ಹಾಗೇ ಎದ್ದು ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಒಂದು ಮಾರ್ಚ್ ಎಂಡಿಂಗ್ ರಾತ್ರಿ ಲೆಕ್ಕ ಟ್ಯಾಲಿ ಆಗಲಿಲ್ಲ. 450 ರೂಪಾಯಿ ವ್ಯತ್ಯಾಸ. ಕ್ಯಾಷಿಯರ್ ವಯಸ್ಸಾದವರು, ಸಕ್ಕರೆ ಕಾಯಿಲೆ ಇತ್ತು. ನೋಟಿನ ಕಟ್ಟು ಮತ್ತೆ ಮತ್ತೆ ಎಣಿಸುತ್ತಿದ್ದರು. ನಾವೆಲ್ಲ ವೋಚರ್ ರಾಶಿ ಹಾಕಿಕೊಂಡು ತಲೆ ಬಗ್ಗಿಸಿದ್ದೆವು. ಎಲ್ಲರ ಕಣ್ಣೂ ಅಂಕಿಯ ಮೇಲೆ. ಕ್ಯಾಷಿಯರ್ ಬೆರಳು ನಡುಗುತ್ತಿರೋದನ್ನು, ಹಣೆಯಲ್ಲಿ ಬೆವರು ಒಡೆದಿರೋದನ್ನು ನೋಡಿದ್ದು ಮೇಡಂ ಒಬ್ಬರೇ. ಎದ್ದು ಬಂದು ಅವರ ಕೈಯಿಂದ ನೋಟಿನ ಕಟ್ಟು ತೆಗೆದು ಡ್ರಾದಲ್ಲಿ ಇಟ್ಟು ಬೀಗ ಹಾಕಿದರು. "ಮೊದ್ಲು ಊಟ ಮಾಡಿ. ಲೆಕ್ಕ ಎಲ್ಲೂ ಓಡೋಗಲ್ಲ" ಅಂದರು. ಮನೆಯಿಂದ ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ತರಿಸಿದ್ದರು. ಕಡಲೆಬೀಜ ಜಾಸ್ತಿ ಹಾಕಿದ್ದ ಚಿತ್ರಾನ್ನ. ಹಳೆಯ ಪೇಪರ್ ಹಾಸಿಕೊಂಡು, ಅಟೆಂಡರ್ ಅಣ್ಣನೂ ಸೇರಿ ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತು ತಿಂದೆವು. ತಿಂದು ಕೈ ತೊಳೆದ ಮೇಲೆ ಕ್ಯಾಷಿಯರೇ ನಿಧಾನಕ್ಕೆ ಹೇಳಿದರು: "450 ಒಂಬತ್ತರಿಂದ ಭಾಗ ಆಗುತ್ತೆ. ಎಲ್ಲೋ ಅಂಕಿ ಅದಲು ಬದಲಾಗಿದೆ." ಲೆಕ್ಕ ಬರೆಯುವವರಿಗೆ ಗೊತ್ತಿರುವ ಹಳೆಯ ಉಪಾಯ ಅದು. ಪಕ್ಕಪಕ್ಕದ ಎರಡು ಅಂಕಿ ಹಿಂದೆ ಮುಂದೆ ಆದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಹುಡುಕಿದರೆ 7,830 ಅನ್ನೋದು 7,380 ಅಂತ ಬಿದ್ದಿತ್ತು. ಹೊಟ್ಟೆಗೆ ಬೀಳುವ ಮೊದಲು ಆ ಉಪಾಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಿಗಾಲನಿಗೆ ಹೇಳಿದ ಐದು ಮಾತು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಈ ಮೇಡಂ. ಶಕ್ತಿ ನೋಡಿ ಕೆಲಸ ಹಂಚಬೇಕಾದರೆ ಮೊದಲು ನೋಡಬೇಕು. ಯಾರ ಬೆರಳು ನಡುಗುತ್ತಿದೆ, ಯಾರ ಮುಖ ಬಾಡಿದೆ, ಯಾರು ಈಚೆಗೆ ಮಾತು ಕಡಿಮೆ ಮಾಡಿದ್ದಾರೆ. ಇದೂ ಎಚ್ಚರದ ಅಭ್ಯಾಸವೇ. ಧ್ಯಾನ ಕಲಿಸುವವರೆಲ್ಲ ಆಧಾರವಾಗಿ ಹಿಡಿಯುವ ಸತಿಪಟ್ಠಾನ ಸುತ್ತದಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ಒಳಗೆ ಗಮನಿಸುತ್ತಾನೆ, ಹೊರಗೆ ಗಮನಿಸುತ್ತಾನೆ, ಒಳಗೂ ಹೊರಗೂ ಗಮನಿಸುತ್ತಾನೆ. ಉಸಿರಿಗೂ ಅದೇ ಮಾತು, ನೋವು ನಲಿವಿಗೂ ಅದೇ ಮಾತು. ಹೊರಗೆ ಅಂದರೆ ಇನ್ನೊಬ್ಬರಲ್ಲಿ ಅಂತ ಅಟ್ಟಕಥೆ ಹೇಳುತ್ತದೆ. ನನ್ನ ಉಸಿರಿನ ಹಾಗೆ ಪಕ್ಕದವರ ಉಸಿರು. ನನ್ನ ನೋವಿನ ಹಾಗೆ ಅವರ ನೋವು. ನಾನು ಹೋದ ತರಗತಿಗಳಲ್ಲಿ 'ಹೊರಗೆ' ಅನ್ನುವ ಭಾಗ ಬಂದದ್ದು ನನಗೆ ನೆನಪಿಲ್ಲ. ಕಣ್ಣು ಮುಚ್ಚಿ ಕೂರೋದು ಕಲಿತೆವು. ಕಣ್ಣು ಬಿಟ್ಟ ಮೇಲೆ ಯಾರನ್ನು ನೋಡಬೇಕು ಅಂತ ಯಾರೂ ಹೇಳಲಿಲ್ಲ.

ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದಲ್ಲಿ ಇದಕ್ಕೆ ಒಂದು ಪ್ರಸಂಗ ಇದೆ. ಬುದ್ಧ ಮತ್ತು ಆನಂದ ಭಿಕ್ಷುಗಳ ವಸತಿ ನೋಡುತ್ತಾ ಹೋಗುತ್ತಿದ್ದಾಗ ಒಬ್ಬ ಭಿಕ್ಷು ಭೇದಿಯಿಂದ ನರಳುತ್ತಾ ತನ್ನ ಹೊಲಸಿನಲ್ಲೇ ಬಿದ್ದಿದ್ದ. ಯಾಕೆ ಯಾರೂ ನೋಡಿಕೊಳ್ಳುತ್ತಿಲ್ಲ ಅಂತ ಕೇಳಿದರೆ, ನನ್ನಿಂದ ಅವರಿಗೆ ಏನೂ ಉಪಯೋಗ ಇಲ್ಲ, ಅದಕ್ಕೆ ಅಂದ. ಬುದ್ಧ ನೀರು ತರಿಸಿದ. ಅವನು ನೀರು ಹೊಯ್ದ, ಆನಂದ ಮೈ ತೊಳೆದ. ಬುದ್ಧ ತಲೆ ಕಡೆ ಹಿಡಿದ, ಆನಂದ ಕಾಲಿನ ಕಡೆ ಹಿಡಿದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಎಲ್ಲರನ್ನೂ ಕರೆದು ಹೇಳಿದ ಮಾತು: ನಿಮ್ಮನ್ನು ನೋಡಿಕೊಳ್ಳೋಕೆ ಇಲ್ಲಿ ತಾಯಿ ಇಲ್ಲ, ತಂದೆ ಇಲ್ಲ. ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡಿಕೊಳ್ಳುತ್ತಾರೆ? ನನ್ನ ಸೇವೆ ಮಾಡಬೇಕು ಅನ್ನುವವನು ಕಾಯಿಲೆಯವನ ಸೇವೆ ಮಾಡಲಿ. ಆ ವಸತಿಯಲ್ಲಿ ಇದ್ದವರೆಲ್ಲ ಧ್ಯಾನ ಮಾಡುವವರೇ ಅನ್ನೋದು ನನ್ನನ್ನು ಕಾಡುತ್ತದೆ.

ಅಕೌಂಟೆಂಟ್ ಜನರಲ್

ಆಫೀಸಿಗೆ ಧ್ಯಾನ ತರೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಇವತ್ತು ಪ್ರಚಾರದಲ್ಲಿರುವ ವಿಪಶ್ಯನ ಅನ್ನುವ ಬೌದ್ಧ ಧ್ಯಾನ ಬಂದ ದಾರಿಯಲ್ಲೇ ಒಂದು ಸರ್ಕಾರಿ ಕಚೇರಿ ಇದೆ. ಬರ್ಮಾದ ಊ ಬಾ ಖಿನ್ ಸರ್ಕಾರದ ಲೆಕ್ಕಪತ್ರ ನೋಡಿಕೊಳ್ಳುವ ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತನಾಗಿ ಸೇರಿದವರು. 1937ರಲ್ಲಿ ಸಯಾ ತೆಟ್‌ಜಿ ಅನ್ನುವ ರೈತ ಗುರುವಿನಿಂದ ಧ್ಯಾನ ಕಲಿತರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ದೇಶದ ಅಕೌಂಟೆಂಟ್ ಜನರಲ್ ಆದರು. 1950ರಲ್ಲಿ ತಮ್ಮ ಕಚೇರಿಯ ನೌಕರರಿಗಾಗಿ ವಿಪಶ್ಯನ ಸಂಘ ಕಟ್ಟಿದರು, 1952ರಲ್ಲಿ ರಂಗೂನಿನಲ್ಲಿ ಧ್ಯಾನ ಕೇಂದ್ರ ತೆರೆದರು. ಲೆಡ್ಜರ್, ಬಿಲ್ಲು, ಆಡಿಟ್ ಆಕ್ಷೇಪಣೆ ಇವುಗಳ ಮಧ್ಯೆ ಧ್ಯಾನ ಅಂದರೆ ನನ್ನಂಥ ಲೆಕ್ಕದವಳಿಗೆ ಖುಷಿ ಆಗದೆ ಇರುತ್ತದಾ? ಆದರೆ ಅಲ್ಲಿ ಒಂದು ಮುಖ್ಯ ವ್ಯತ್ಯಾಸ ಇತ್ತು. ಕಚೇರಿಯ ಅತಿ ಮೇಲಿನ ಅಧಿಕಾರಿ ಮೊದಲು ತಾನು ಕೂತಿದ್ದರು. ಗುಮಾಸ್ತರಿಗೆ ಹೊರಗಿನಿಂದ ಯಾರನ್ನೋ ಕರೆಸಿ, ತಾವು ಇನ್ನೊಂದು ಮೀಟಿಂಗಿಗೆ ಹೋಗಲಿಲ್ಲ.

1955ರಲ್ಲಿ ಅವರ ಬಳಿಗೆ ಸತ್ಯನಾರಾಯಣ ಗೋಯೆಂಕಾ ಬಂದರು. ಮಾಂಡಲೆಯಲ್ಲಿ ಹುಟ್ಟಿದ ಭಾರತೀಯ ವ್ಯಾಪಾರಿ. ವಿಪರೀತ ಮೈಗ್ರೇನ್, ಮಾರ್ಫಿನ್ ಚುಚ್ಚಿಸಿಕೊಳ್ಳುವ ಸ್ಥಿತಿ. ತಲೆನೋವು ಹೋಗಲಿ ಅಂತ ಬಂದಿದ್ದೇನೆ ಅಂದಾಗ ಊ ಬಾ ಖಿನ್ ಕಲಿಸಲ್ಲ ಅಂದುಬಿಟ್ಟರಂತೆ. ಮನಸ್ಸನ್ನು ಶುದ್ಧ ಮಾಡಿಕೊಳ್ಳುವ ದಾರಿಯನ್ನು ತಲೆನೋವಿನ ಮದ್ದು ಮಾಡಿ ಅಗ್ಗ ಮಾಡಬೇಡಿ, ದೊಡ್ಡ ಉದ್ದೇಶ ಇಟ್ಟುಕೊಂಡು ಬನ್ನಿ, ತಲೆನೋವು ಜೊತೆಗೆ ಹೋದರೆ ಹೋಗಲಿ ಅಂತ ಅವರ ಮಾತು. ಇದನ್ನು ಗೋಯೆಂಕಾ ಅವರೇ ಮತ್ತೆ ಮತ್ತೆ ಹೇಳುತ್ತಿದ್ದರು. ಅದೇ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸೋಕೆ ಶುರು ಮಾಡಿದರು. ಬೆಂಗಳೂರಿನ ತುಮಕೂರು ರಸ್ತೆ ಕಡೆ ಆಲೂರಿನಲ್ಲಿ ಇರುವ ಧಮ್ಮ ಪಫುಲ್ಲ ಕೇಂದ್ರಕ್ಕೆ ಹೋಗಿ ಬಂದವರು ನಿಮ್ಮ ಪರಿಚಯದಲ್ಲೂ ಇರಬಹುದು. ಹತ್ತು ದಿನದ ಶಿಬಿರದ ಕ್ರಮ ಅವರಿಗೆ ಗೊತ್ತು. ಉಸಿರಿಗೆ ಕೂರುವ ಮೊದಲು ಐದು ಶೀಲ ತೆಗೆದುಕೊಳ್ಳಬೇಕು: ಕೊಲ್ಲಲ್ಲ, ಕದಿಯಲ್ಲ, ಸುಳ್ಳು ಹೇಳಲ್ಲ ಇತ್ಯಾದಿ. ಆಮೇಲೆ ಉಸಿರು. ಆಮೇಲೆ ಮೈಯ ಸಂವೇದನೆ. ಕೊನೆಯಲ್ಲಿ ಮೈತ್ರಿ, ಎಲ್ಲರ ಒಳಿತು ಬಯಸೋದು. ಶುಕ್ರವಾರದ ತರಗತಿಗೆ ಬರುವಷ್ಟರಲ್ಲಿ ಮೊದಲಿನ ಶೀಲವೂ ಕೊನೆಯ ಮೈತ್ರಿಯೂ ಬಿದ್ದುಹೋಗಿ ನಡುವಿನ ಉಸಿರು ಮಾತ್ರ ಉಳಿದಿದೆ. ಆ ಎರಡು ಭಾಗವೂ ನಾವು ಇನ್ನೊಬ್ಬರ ಜೊತೆ ಹೇಗಿರುತ್ತೇವೆ ಅನ್ನೋದಕ್ಕೆ ಸೇರಿದ್ದು.

ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು, ಒಂದು ಆಫೀಸ್ ಪತ್ರ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು ಅನ್ನುವ ಹಿರಿಯ ಅಧಿಕಾರಿಗಳು ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ ಕಳಿಸಿದ ಆದೇಶ. ಅದರ ಮೊದಲ ಮಾತೇ ಆರೋಗ್ಯ ವಿಚಾರಣೆ. ಮೇಲಿನ ಕಚೇರಿ ಕೆಳಗಿನ ಕಚೇರಿಯನ್ನು ಆರೋಗ್ಯವಾಗಿದ್ದೀರಾ ಅಂತ ಕೇಳಿ, ಆಮೇಲೆ ಆಜ್ಞೆ ಹೇಳುತ್ತದೆ. ಬರೆದವನು ಚಪಡ ಅನ್ನುವ ಲಿಪಿಕಾರ, ಕೊನೆಗೆ ತನ್ನ ಹೆಸರನ್ನೂ ಹಾಕಿದ್ದಾನೆ. ಅಶೋಕನ ಒಂಬತ್ತನೇ ಶಿಲಾಶಾಸನ ಇನ್ನೂ ನೇರ. ಜನ ಕಾಯಿಲೆಗೆ, ಮದುವೆಗೆ, ಪ್ರಯಾಣಕ್ಕೆ ಅಂತ ನಾನಾ ಆಚರಣೆ ಮಾಡುತ್ತಾರೆ, ಅವುಗಳ ಫಲ ಕಡಿಮೆ, ದೊಡ್ಡ ಫಲ ಕೊಡೋದು ಧರ್ಮದ ಆಚರಣೆ ಅನ್ನುತ್ತದೆ. ಅದು ಯಾವುದು ಅಂತ ಹೇಳುವಾಗ ಮೊದಲು ಬರೋದು ದಾಸರ, ಕೂಲಿಯವರ ಜೊತೆ ಸರಿಯಾಗಿ ನಡೆದುಕೊಳ್ಳೋದು. ಸಿಗಾಲನಿಗೆ ಬುದ್ಧ ಹೇಳಿದ್ದನ್ನೇ ಅಶೋಕ ಬಂಡೆಗೆ ಹಾಕಿಸಿದ್ದಾನೆ ಅನ್ನಿಸುತ್ತದೆ, ಅಲ್ವಾ?

ಮುಖ ಕಾಣದ ಯಜಮಾನ

ಸಿಗಾಲನ ಕಾಲದಲ್ಲಿ ಯಜಮಾನ ಕೆಲಸದವನ ಮುಖ ನೋಡುತ್ತಿದ್ದ. ಈಗ ನಮ್ಮ ಬಾಗಿಲಿಗೆ ಊಟ, ದಿನಸಿ ತರುವ ಹುಡುಗನಿಗೆ ಕೆಲಸ ಹಂಚೋದು ಫೋನಿನಲ್ಲಿರುವ ಆ್ಯಪ್. ಅವನು ಬೆಳಿಗ್ಗೆಯಿಂದ ಗಾಡಿ ಮೇಲೆ ಕೂತು ಬೆನ್ನು ಹಿಡಿದಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಜ್ವರ ಬಂದು ಮಲಗಿದರೆ ಆ ದಿನದ ದುಡ್ಡಿಲ್ಲ. ಇಲ್ಲಿ ಕಾನೂನು ಬೇಕೇ ಬೇಕು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರಿಗಾಗಿ, ಕಾನೂನು ತಂದಿದೆ. ಅದರಲ್ಲಿ ಕಲ್ಯಾಣ ಮಂಡಳಿ ಇದೆ, ಕಂಪನಿಗಳು ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾಯಿಲೆ ಬಿದ್ದಾಗ ಆರೈಕೆ ಅನ್ನುವ ಮೂರನೇ ಮಾತಿಗೆ ಇದು ಒಂದು ದಾರಿ. ಬೌದ್ಧ ಧರ್ಮವನ್ನು ಇಷ್ಟಪಡುವವರು ಇಂಥ ಕಾನೂನುಗಳ ಬಗ್ಗೆ ಮಾತಾಡಬೇಕು, ಸರಿಯಾಗಿ ಜಾರಿಯಾಗುತ್ತಿದೆಯಾ ಅಂತ ಕೇಳಬೇಕು. ಅದು ಧ್ಯಾನಕ್ಕೆ ಹೊರತಾದ ರಾಜಕೀಯ ಅಂತ ನನಗೆ ಅನ್ನಿಸಲ್ಲ.

ಆದರೆ ಆ್ಯಪಿಗೆ ಕಣ್ಣಿಲ್ಲದಿದ್ದರೂ ಬಾಗಿಲು ತೆಗೆಯುವ ನಮಗೆ ಇದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿಯವರಿಗೆ ನಿಲ್ಲೋಕೆ ಜಾಗ ಇರಲಿಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದರು. ಅಸೋಸಿಯೇಷನ್ ಸಭೆಯಲ್ಲಿ ಮೂರು ವಿಷಯ ಕೇಳಿದೆ: ನೆರಳಲ್ಲಿ ಒಂದು ಬೆಂಚು, ಕುಡಿಯುವ ನೀರು, ನೆಲಮಹಡಿಯ ಶೌಚಾಲಯ ಬಳಸೋಕೆ ಅನುಮತಿ. ಮೊದಲೆರಡಕ್ಕೆ ಬೇಗ ಒಪ್ಪಿದರು. ಬೆಂಚು ಬಂದಿದೆ, ಕ್ಯಾನ್ ನೀರೂ ಇಟ್ಟಿದ್ದಾರೆ. ಮಧ್ಯಾಹ್ನ ಸೆಕ್ಯೂರಿಟಿ ಅಣ್ಣನೂ ಅಲ್ಲೇ ಕೂತು ಡಬ್ಬಿ ಬಿಚ್ಚುತ್ತಾರೆ. ಶೌಚಾಲಯದ ವಿಷಯಕ್ಕೆ ಭದ್ರತೆ, ಸ್ವಚ್ಛತೆ ಅಂತ ಮಾತು ಬಂತು. ಅದನ್ನು ಮುಂದಿನ ಸಭೆಗೆ ಹಾಕಿದ್ದಾರೆ. ಸ್ವಚ್ಛ ಮಾಡುವ ಅಮ್ಮನಿಗೆ ಅದಕ್ಕಾಗಿ ಎಷ್ಟು ಹೆಚ್ಚು ಸಂಬಳ ಕೊಡಬೇಕಾಗುತ್ತದೆ ಅಂತ ಅವರನ್ನೇ ಕೇಳಿ ಲೆಕ್ಕ ಹಾಕಿ ಇಟ್ಟುಕೊಂಡಿದ್ದೇನೆ. ಪ್ರತಿ ಮನೆಗೆ ಬರೋದು ತಿಂಗಳಿಗೆ ಒಂದು ಕಾಫಿಯ ದುಡ್ಡು. ಆ ಲೆಕ್ಕ ಮುಂದಿಟ್ಟು ಮತ್ತೆ ಕೇಳುತ್ತೇನೆ.